ರುದ್ರಮ್ಮನವರ ಹೊಲಿಗೆ ಪೆಟ್ಟಿಗೆ

ರುದ್ರಮ್ಮ ನಮ್ಮ ಮನೆಗೆ ಹೊಲಿಯಲು ಬಂದರೆ ಮೊದಲು ಅವರ ಪೆಟ್ಟಿಗೆಗೆ ಮಣೆ ಹಾಕಬೇಕಿತ್ತು, ಆಮೇಲೆ ಅವರಿಗೆ. ಅವರ ಅಜ್ಜಿಯ ಕಾಲದ ಬೀಟೆ ಮರದ ಪೆಟ್ಟಿಗೆ ಅದು. ಮುಚ್ಚಳದ ತುಂಬ ದಂತದ ಬಳ್ಳಿ. ಒಳಗೆ ಪುಟ್ಟ ಪುಟ್ಟ ಮನೆಗಳು, ಒಂದೊಂದಕ್ಕೂ ಪುಟ್ಟ ಹಿಡಿಯ ಮುಚ್ಚಳ. ದಂತದ ದಾರದುರುಳೆಗಳು, ಸೂಜಿ ಕೊಳವೆ, ಬೆರಳಿಗೆ ತೊಡುವ ಬೆಳ್ಳಿಯ ಟೊಪ್ಪಿಗೆ, ಎಲ್ಲಕ್ಕೂ ಅದರದರ ಜಾಗ. ನೊಣವಿನಕೆರೆಯ ಅರ್ಧ ಊರಿಗೆ ರವಿಕೆ ಹೊಲಿದ ಈ ಹೆಂಗಸು ಟೇಪು ಹಿಡಿದದ್ದನ್ನು ನಾನು ಕಂಡಿಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಳತೆ ಆಯಿತು ಹೋಗು ಅನ್ನುತ್ತಿದ್ದರು.

ಪ್ರತಿ ಸೋಮವಾರ ಪೆಟ್ಟಿಗೆಗೆ ಅಭ್ಯಂಜನ. ಒಳಗೂ ಹೊರಗೂ ಗಾಣದ ಕೊಬ್ಬರಿ ಎಣ್ಣೆ. ಹಳೇ ಮರಕ್ಕೆ ಇಷ್ಟೊಂದು ಎಣ್ಣೆ ಒಳ್ಳೆಯದಲ್ಲ ಎಂದ ನಮ್ಮಪ್ಪನಿಗೆ, "ತಲೆಗಾಗೋದು ಮರಕ್ಕಾಗಲ್ವೇನ್ರೀ?" ಎಂದು ಬಾಯಿ ಮುಚ್ಚಿಸಿದ್ದರು.

ನನ್ನ ಧಾರೆ ರವಿಕೆಯನ್ನು ಹೊಲಿದು, ಜೋಪಾನವಾಗಿರಲೆಂದು ಆ ಪೆಟ್ಟಿಗೆಯ ತಳದಲ್ಲೇ ಇಟ್ಟಿದ್ದರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ತೆಗೆದರೆ, ಕೆನೆಬಣ್ಣದ ರೇಷ್ಮೆಯ ಬೆನ್ನಿಗೆ ಅಂಗೈಯಗಲ ಎಣ್ಣೆ ಕಲೆ. ಸೀರೆಯ ಜೊತೆ ಬಂದ ರವಿಕೆ ಕಣ ಅದೊಂದೇ. ನಾನು ಅತ್ತೇಬಿಟ್ಟೆ. ರುದ್ರಮ್ಮ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ತಪ್ಪು ನಂದೇ ಕಣೇ. ಅಳೋದು ಬುಡು. ನಾಳೆ ಇದನ್ನೇ ಹಾಕ್ಕಂತೀಯ."

ಯಾರಿಗೂ ಮುಟ್ಟಗೊಡದಿದ್ದ ಒಂದು ಮನೆಯ ಮುಚ್ಚಳ ತೆಗೆದರು. ಒಳಗೆ ಅಪ್ಪಟ ಜರಿಯ ಉರುಳೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಲೆಯ ಮೇಲೆ ಹೊಂಬಾಳೆಯೊಂದು ಅರಳಿತ್ತು, ಉರುಳೆ ಬರಿದಾಗಿತ್ತು. ಮರುದಿನ ತಿಪಟೂರಿನ ಛತ್ರದಲ್ಲಿ ನೆಂಟರೆಲ್ಲ ನನ್ನ ಮುಖ ಬಿಟ್ಟು ಬೆನ್ನು ನೋಡಿದರು. ಇದು ಹೊಸ ಡಿಸೈನು ಎಂದು ರುದ್ರಮ್ಮ ನಗದೆ ಹೇಳಿದರು. ತಮಗೂ ಬೇಕೆಂದವರಿಗೆ ಆಗುವುದಿಲ್ಲ ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಮೊನ್ನೆ ಅವರ ಮೊಮ್ಮಗಳು ತನ್ನ ಲಗ್ನಪತ್ರಿಕೆ ಕೊಡಲು ಬಂದವಳು, ಕೊಟ್ಟ ಮೇಲೂ ಏಳದೆ ಕೂತಳು. ಆ ಜರಿಯನ್ನು ಅಜ್ಜಿ ಅವಳು ಹುಟ್ಟಿದಾಗಲೇ ಅವಳ ಮದುವೆಗೆಂದು ಎತ್ತಿಟ್ಟಿದ್ದರಂತೆ.

"'ನಾಚ್ಕಬ್ಯಾಡ, ಹೋಗಿ ಅವ್ಳ ರವಿಕೆ ಇಸ್ಕೋ, ಕೊಡ್ತಾಳೆ' ಅಂದಿದ್ರು ಅಕ್ಕಾ" ಅಂದಳು.

ನನ್ನನ್ನು ಒಂದು ಮಾತೂ ಕೇಳದೆ ನನ್ನ ರವಿಕೆಯನ್ನು ಕೊಟ್ಟು ಹೋಗಿದ್ದರು. ಅಷ್ಟು ನಂಬಿದ್ದರಲ್ಲ ಎಂದು ಹೆಮ್ಮೆಯೂ ಆಯಿತು, ಅಳುವೂ ಬಂತು. ಬೀರುವಿನಿಂದ ತೆಗೆದೆ. ಹುಡುಗಿ ತೆಳ್ಳಗಿದ್ದಾಳೆ, ಎರಡೂ ಪಕ್ಕ ಹಿಡಿಯಬೇಕಿತ್ತು. ನಾನೇ ಸೂಜಿ ಹಿಡಿದು ಕೂತೆ. ಹೊಲಿಗೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಹೊಲಿ ಅನ್ನಲು ರುದ್ರಮ್ಮ ಇರಲಿಲ್ಲ.