ಕಂಟ್ರೋಲಮ್ಮನ ಕುರ್ಚಿ

ಬೀದಿಯವರೆಲ್ಲ ಅವಳನ್ನು ಕರೆಯುವುದು ಕಂಟ್ರೋಲಮ್ಮ ಎಂದು. ಗಂಡನನ್ನು ಅಂಕೆಯಲ್ಲಿಟ್ಟುಕೊಂಡಿದ್ದಳೇನೋ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆ ಮಹಾಶಯ ಯಾರ ಅಂಕೆಗೂ ಸಿಕ್ಕುವ ಪೈಕಿಯಾಗಿರಲಿಲ್ಲ. ಹೆಸರು ಬಂದದ್ದು ಕೀಬೋರ್ಡಿನ ಎಡಮೂಲೆಯ ಕಂಟ್ರೋಲ್ ಕೀಯಿಂದ.

ಗಂಡನಿಗೆ ಮಹಡಿ ಮೆಟ್ಟಿಲ ಕೆಳಗೊಂದು ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಬಯೋಡೇಟಾ, ಕಾಲೇಜಿನವರ ಪ್ರಾಜೆಕ್ಟ್ ರಿಪೋರ್ಟು, ಇಂಥವೇ ಕೆಲಸ. ಟೈಪ್‌ರೈಟರ್ ಕಾಲದ ಕೈ, ಮೌಸ್ ಕಂಡರೆ ಆಗದು. "ಇಲಿ ಹಿಡಿಯೋದು ಬೆಕ್ಕಿನ ಕೆಲಸ" ಎನ್ನುತ್ತಿದ್ದ. ಕಂಟ್ರೋಲ್ ಒತ್ತಿ ಬಿ ಹೊಡೆದರೆ ಅಕ್ಷರ ದಪ್ಪ, ಯು ಹೊಡೆದರೆ ಅಡಿಗೆರೆ, ಇ ಹೊಡೆದರೆ ತಲೆಬರಹ ಹಾಳೆಯ ನಡುವಿಗೆ. ಅವಳಿಗೆ ಇದೆಲ್ಲ ಕೇಳಿ ಗೊತ್ತಿತ್ತೇ ಹೊರತು ನೋಡಿ ಗೊತ್ತಿರಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಓಗೊಡುವುದೆಂದರೆ ಕುಕ್ಕರ್ ಒಂದೇ.

ಆಮೇಲೆ ಲಕ್ವ ಹೊಡೆದು ಗಂಡನ ಎಡಗೈ ಸ್ವಾಧೀನ ತಪ್ಪಿತು. ಕೀಬೋರ್ಡಿನ ಬಲಗಡೆಯ ಕಂಟ್ರೋಲ್ ಕೀ ಎಂದೋ ಕೆಟ್ಟು ಕೂತಿತ್ತು.

"ನೀನೇ ಬಾರೇ, ನನ್ನ ಎಡಗೈ ಆಗು" ಎಂದ.

ಅವಳು ಅವನ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತಳು. "ಹಿಡಿ" ಎಂದರೆ ಕಂಟ್ರೋಲ್ ಒತ್ತಬೇಕು. ಅವನು ಬಿ ಹೊಡೆದು "ಬಿಡು" ಎಂದರೆ ಬಿಡಬೇಕು. ನಾಲ್ಕು ದಿನ ಸುಮ್ಮನಿದ್ದವಳು ಐದನೆಯ ದಿನ ಬಾಯಿ ಬಿಟ್ಟಳು. "ರೀ, ಬಯೋಡೇಟಾದಲ್ಲಿ ಹೆಸರು ದಪ್ಪ ಇದ್ರೆ ಸಾಕು. ಹವ್ಯಾಸನೂ ದಪ್ಪ ಮಾಡಿದ್ರೆ ಯಾರ್ ಕೆಲಸ ಕೊಡ್ತಾರೆ?" ಗಿರಾಕಿಗಳು ನಕ್ಕರು. ಅಂದಿನಿಂದ ಅವಳು ಬೆಳಿಗ್ಗೆ ಬೇಗ ಎದ್ದು, ತಲೆ ಬಾಚಿ, ಅಂಗಡಿಗೆ ಹೊರಡಲು ಗಂಡನಿಗಿಂತ ಮೊದಲೇ ಬಾಗಿಲಲ್ಲಿ ನಿಲ್ಲತೊಡಗಿದಳು.

ಒಂದು ದಿನ ಎಡವಟ್ಟಾಯಿತು. ಬೆಳಗಿನಿಂದ ಇಂಗ್ಲಿಷಿನಲ್ಲಿ ಹೊಡೆದ ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ನಡುನಡುವೆ ಎಸ್ ಹೊಡೆದು ಉಳಿಸುವುದನ್ನು ಇಬ್ಬರೂ ಮರೆತಿದ್ದರು. ಗಂಡ "ಬಿಡು" ಎಂದಾಗ ಅವಳು ಬೀದಿಯಲ್ಲಿ ಹೋಗುತ್ತಿದ್ದ ನಾದಿನಿಯ ಹೊಸ ಚಪ್ಪಲಿ ನೋಡುತ್ತಿದ್ದಳು, ಬಿಡಲಿಲ್ಲ. ಅವನು ಕರಡಿನ ಮೇಲೆ ಕಣ್ಣಿಟ್ಟು 'ವಿಟ್ನೆಸ್' ಎಂದು ಹೊಡೆಯತೊಡಗಿದ. ಕಂಟ್ರೋಲಿಗೆ ಡಬ್ಲ್ಯೂ ಸೇರಿದರೆ ಫೈಲೇ ಮುಚ್ಚುತ್ತದೆ. ಉಳಿಸಲೋ ಬೇಡವೋ ಎಂದು ಕಂಪ್ಯೂಟರ್ ಕೇಳಿತು. ಅವಳು ಬೆಚ್ಚಿ ಕೈ ತೆಗೆಯುವಷ್ಟರಲ್ಲಿ ಅವನ ಬೆರಳು ಅದೇ ಪದದ ಎನ್ ಮೇಲಿತ್ತು. ಎನ್ ಅಂದರೆ ಬೇಡ. ಕರಾರು ಮಂಗಮಾಯ.

"ಹೋಗ್ಲಿ, ಮತ್ತೆ ಹೊಡೆದ್ರಾಯ್ತು" ಎಂದನಷ್ಟೇ.

ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾನಿದ್ದರೆ ಅಂಗಡಿಯ ಹೆಸರು ಕೆಡುತ್ತದೆ, ಎದ್ದು ಹೋದರೆ ಮತ್ತೆ ಅದೇ ಮನೆ, ಅದೇ ಕುಕ್ಕರ್. ಕಂಪ್ಯೂಟರ್ ರಿಪೇರಿಯವನು ಪ್ರಿಂಟರ್ ನೋಡಲು ಬಂದಾಗ ಅವಳು ಕಲ್ಲು ಮನಸ್ಸು ಮಾಡಿದಳು. ಗಂಡ ಹೊರಗೆ ಹೋಗಿದ್ದ.

"ಒಂದೇ ಕೈಲಿ ಇದೆಲ್ಲ ಮಾಡೋ ಉಪಾಯ ಏನಾದ್ರೂ ಇದ್ಯಾಪ್ಪಾ?"

"ಅಯ್ಯೋ ಅಕ್ಕಾ, ಒಂದು ಸೆಟ್ಟಿಂಗ್ ಅಷ್ಟೇ. ಕಂಟ್ರೋಲ್ ಒಂದ್ಸಲ ಒತ್ತಿದ್ರೆ ಅದೇ ಹಿಡ್ಕೊಂಡಿರುತ್ತೆ. ಅಣ್ಣ ಆಸ್ಪತ್ರೆಯಿಂದ ಬಂದ ವಾರಾನೇ ಹಾಕ್ಕೊಟ್ಟಿದ್ನಲ್ಲ. ಮಾರನೇ ದಿನಾನೇ ತೆಗೆಸಿಬಿಟ್ರು."

ಗಂಡ ಬಂದು ಕೂತ ಮೇಲೆ ಕೇಳಿದಳು. "ಯಾಕ್ರೀ ತೆಗೆಸಿದ್ರಿ ಅದನ್ನ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕೆ ಮಾತು ಬರಲ್ಲ ಕಣೇ. ಬಾ, ಹಿಡಿ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂತಳು.

ಗಂಡ ಹೋಗಿ ಈಗ ಕೆಲವು ವರ್ಷಗಳಾದವು. ಅಂಗಡಿಯನ್ನು ಅವಳೇ ನಡೆಸುತ್ತಾಳೆ, ಎರಡೂ ಕೈಯಲ್ಲಿ ಟೈಪ್ ಮಾಡುತ್ತಾಳೆ. ಕೂರುವುದು ಮಾತ್ರ ಎಡಗಡೆಯ ಕುರ್ಚಿಯಲ್ಲೇ, ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು. ಬಲಗಡೆಯ ಕುರ್ಚಿಯ ಮೇಲೆ ಬ್ಯಾಗು ಇಟ್ಟ ಗಿರಾಕಿಗೆ ಮಂಗಳಾರತಿ ತಪ್ಪಿದ್ದಲ್ಲ. ಗಂಡ ಕಾಯಿಲೆ ಬಿದ್ದ ಮೇಲಿನ ದಿನಗಳೇ ತನ್ನ ಬಾಳಿನ ಒಳ್ಳೆಯ ದಿನಗಳು ಎಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಆದರೆ ನಿಜ ಅದೇ.

ಈಗಲೂ ತಲೆಬರಹ ಬಂದಾಗ ಕಂಟ್ರೋಲ್ ಒತ್ತುತ್ತಾಳೆ, ಬಿ ಹೊಡೆಯುತ್ತಾಳೆ. ಅಕ್ಷರ ದಪ್ಪಗಾಗುತ್ತದೆ. ಕಂಟ್ರೋಲ್ ಮೇಲಿನ ಬೆರಳು ತೆಗೆಯುವುದು ಮಾತ್ರ ತುಸು ತಡ. ಬಿಡು ಅಂತ ಯಾರೂ ಇನ್ನೂ ಹೇಳಿಲ್ಲವಲ್ಲ.