ಮೊಣಕಾಲಿಗೆ ಒಂದು ಮಾತ್ರೆ

ಆ ಹಾಡಿನ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಈಗಲೂ ಉಂಟು. ಮಣಿಪಾಲದ ಆಫೀಸಿನಲ್ಲಿ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ (ನನಗೆ ಅಂಥವು ಧಾರಾಳ) ಅದನ್ನು ತೆರೆದು ಸುಮ್ಮನೆ ನೋಡುತ್ತೇನೆ.

ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಾನು ಓದಿನಲ್ಲಿ ಹಿಂದೆ, ಮಿಮಿಕ್ರಿಯಲ್ಲಿ ಮುಂದೆ. ಹಾಸ್ಟೆಲ್ ವಾರ್ಡನ್ನರ ಕೆಮ್ಮು, ಎರ್ಮಾಳಿನಲ್ಲಿ ಮೀನು ಹರಾಜು ಕೂಗುವ ನನ್ನ ಮಾವನ ಗಂಟಲು, ಎಲ್ಲ ಬರುತ್ತಿತ್ತು. ನಿನ್ನ ಸ್ವಂತ ಸ್ವರ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಿತ್ತು. ಜೊತೆಗೆ ಕೀಬೋರ್ಡ್ ನುಡಿಸುತ್ತಿದ್ದೆ. ಬಜಗೋಳಿ ಕಡೆಯ ಒಂದು ಇಗರ್ಜಿಯ (ಚರ್ಚಿನ) ಕೀಬೋರ್ಡಿನವರು ಗಲ್ಫಿಗೆ ಹೋದಾಗ, ಕೊಂಕಣಿಯ ಗಂಧವೇ ಇಲ್ಲದ ಈ ಮೊಗವೀರರ ಹುಡುಗ ಆ ಸ್ಟೂಲಿನ ಮೇಲೆ ಕೂತ.

ಅಲ್ಲಿ ಕ್ವಾಯರ್, ಅಂದರೆ ಹಾಡುವ ತಂಡ, ನಡೆಸುತ್ತಿದ್ದವರು ರಿಟೈರಾದ ಮಾಸ್ಟ್ರು. ಅವರು ಮೂಗಿನಲ್ಲೇ ಶ್ರುತಿ ಹಿಡಿಯುವುದನ್ನು ನಾನು ಎರಡನೇ ಭಾನುವಾರಕ್ಕೇ ಅನುಕರಿಸಿ ತೋರಿಸಿದೆ. ಅವರು ಬಾಗಿಲಲ್ಲೇ ನಿಂತಿದ್ದರು. "ನನ್ನದು ಇನ್ನೂ ಸ್ವಲ್ಪ ಕೆಳಗೆ, ಪುತಾ," ಎಂದರು, ಅಷ್ಟೇ.

ಮೂವತ್ತು ವರ್ಷದ ಹಿಂದೆ ಅವರು ಆರಾಧನೆಗೆಂದು ಒಂದು ಹಾಡು ಕಟ್ಟಿದ್ದರು. ಅದು ಆ ಇಗರ್ಜಿಯ ಗೇಟು ದಾಟಿರಲೇ ಇಲ್ಲ. ನಾನು ಸೇರಿದ ವರ್ಷ ಏಳು ಇಗರ್ಜಿಗಳ ಕ್ವಾಯರ್ ಸೇರಿ ಕಾರ್ಕಳದಲ್ಲಿ ಹಾಡುವುದೆಂದಾಯಿತು, ಅದರಲ್ಲಿ ಅವರ ಹಾಡೂ ಬಂತು. ಅವರು ಪೆನ್ಸಿಲಿನಲ್ಲಿ ಬರೆದಿದ್ದ ಸ್ವರಲಿಪಿಯನ್ನು ಸಾಫ್ಟ್‌ವೇರಿಗೆ ಏರಿಸಿ ಎಲ್ಲರಿಗೂ ಕಳಿಸುವ ಕೆಲಸ ನನಗೆ ಬಿತ್ತು.

"ಅಚ್ಚಾಗಿ ಹೋದ ಮೇಲೆ ಅದೇ ಹಾಡು ಆಗಿಬಿಡುತ್ತದೆ. ಸರಿಯಾಗಿ ನೋಡು. ನನ್ನ ಕಣ್ಣು ಈಗ ಸಾಲದು," ಎಂದರು.

ನೋಡಿದೆ. ಹಾಡಿಗೆ ಬಾರಿಗೆ ನಾಲ್ಕು ಎಣಿಕೆ. ಬಾರ್ ಎಂದರೆ ಎರಡು ಅಡ್ಡಗೆರೆಗಳ ನಡುವಿನ ಜಾಗ, ಹೆದ್ದಾರಿಯ ಬದಿಯದ್ದಲ್ಲ. ಹನ್ನೆರಡನೇ ಬಾರಿನಲ್ಲಿ ಮಾಸ್ಟ್ರು ಐದು ಎಣಿಕೆ ತುಂಬಿದ್ದರು. ಸಾಫ್ಟ್‌ವೇರ್ ಒಪ್ಪುವುದುಂಟಾ? ಐದನೆಯದನ್ನು ಮುಂದಿನ ಬಾರಿಗೆ ತಳ್ಳಿತು. ಅಲ್ಲಿಂದ ಇಡೀ ಹಾಡು ಒಂದೊಂದು ಎಣಿಕೆ ಜಾರಿ ಕೂತಿತು. ಅಲ್ಲಿದ್ದ ಪದ 'ದಿಂಬಿ'. ದೇವರಿಗೆ ತಲೆದಿಂಬು ಕೊಡುವ ಹಾಡಿರಬೇಕು ಎಂದುಕೊಂಡು, ಮೂರು ಎಣಿಕೆಯ ಉದ್ದ ಸ್ವರವನ್ನು ಕತ್ತರಿಸಿ ಎರಡು ಮಾಡಿದೆ. ಎಲ್ಲ ಸಾಲಾಗಿ ನಿಂತಿತು. ಯಾರನ್ನೂ ಕೇಳದೆ, ಶನಿವಾರವೇ ಏಳೂ ಕ್ವಾಯರಿಗೆ ಕಳಿಸಿಬಿಟ್ಟೆ. ನಾನು ಚುರುಕು ಅಲ್ವಾ!

ಭಾನುವಾರ ಪೂಜೆ ಮುಗಿದ ಮೇಲೆ ಪ್ರಾಕ್ಟೀಸ್. "ಕಂಪ್ಯೂಟರ್ ತಪ್ಪು ಎಣಿಸುವುದಿಲ್ಲ ಸರ್," ಎಂದು ಜಂಬದಿಂದ ಹೇಳಿ ಗುಂಡಿ ಒತ್ತಿದೆ. ಲ್ಯಾಪ್‌ಟಾಪು ನುಡಿಸಿತು, ಕ್ವಾಯರಿನವರು ಹಾಡಿದರು. ಹನ್ನೆರಡನೇ ಬಾರಿಗೆ ಬಂದಾಗ ಎಲ್ಲರೂ ಮೊಣಕಾಲೂರಲು ಬಾಗಿದರು. ಹಾಡು ಮುಂದೆ ಓಡಿಹೋಯಿತು, ಜನ ಅರ್ಧಕ್ಕೇ ಉಳಿದರು. ಬೆಂಚು ಹಿಡಿದು ನಡುವಿನಲ್ಲೇ ನಿಂತಿದ್ದ, ಆಲ್ಟೋ (ಹೆಂಗಸರ ಕೆಳಸ್ವರ) ಹಾಡುವ ಬಾಯಮ್ಮ ನನ್ನ ಕಡೆ ತಿರುಗಿದರು.

"ಏ ಮಾರಾಯ, ನಿನ್ನ ಕಂಪ್ಯೂಟರಿಗೆ ಮೊಣಕಾಲು ಉಂಟಾ?"

ದಿಂಬಿ ಎಂದರೆ ಕೊಂಕಣಿಯಲ್ಲಿ ಮೊಣಕಾಲೂರುವುದು ಎಂದು ನನಗೆ ತಿಳಿದದ್ದು ಆಗ. ಎಲ್ಲರೂ ನಕ್ಕರು. ಮಾಸ್ಟ್ರು ನಗಲಿಲ್ಲ. "ಕಂಪ್ಯೂಟರ್ ತಪ್ಪು ಎಣಿಸುವುದಿಲ್ಲ ಎಂದೆಯಲ್ಲ. ಹಾಗಾದರೆ ನಾನೇ ಇಷ್ಟು ವರ್ಷ ತಪ್ಪು ಹಾಡಿಸಿದೆನಾ?" ಎಂದು ಕೇಳಿದರು.

"ಇಲ್ಲ ಸರ್, ಎಣಿಸಿದ್ದು ಕಂಪ್ಯೂಟರ್, ಕತ್ತರಿಸಿದ್ದು ನಾನು."

ಅವರು ಪೆನ್ಸಿಲಿನ ಹಾಳೆ ತೆಗೆದು ಹನ್ನೆರಡನೇ ಬಾರಿನ ಮೇಲೆ ಬೆರಳಿಟ್ಟರು. "ಮೊದಲು ನಾಲ್ಕೇ ಇತ್ತು. ನನ್ನ ಅಮ್ಮ ಮುಂದಿನ ಸಾಲಿನಲ್ಲಿ ಇರುತ್ತಿದ್ದರು, ಅವರು ಮೊಣಕಾಲೂರುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ಅದಕ್ಕೆ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟೆ."

"ಮೊಣಕಾಲು ನೋವಿಗೆ ಮಾತ್ರೆ!" ಎಂದೆ. ಈ ಬಾಯಿಗೆ ಹೊತ್ತುಗೊತ್ತು ಇಲ್ಲ. ಆದರೆ ಮಾಸ್ಟ್ರಿಗೆ ಆಗ ನಗು ಬಂತು.

ಅಲ್ಲೇ ಕೂತು ಆ ಒಂದು ಬಾರಿಗೆ ಮಾತ್ರ ಐದು ಎಣಿಕೆ ಕೊಟ್ಟೆ. ಸಾಫ್ಟ್‌ವೇರಿನಲ್ಲಿ ಅದಕ್ಕೆ ದಾರಿ ಇತ್ತು, ಶನಿವಾರ ಅದನ್ನು ಹುಡುಕುವ ತಾಳ್ಮೆ ನನಗೆ ಇರಲಿಲ್ಲ. 'ಹಳೆಯದನ್ನು ಅಳಿಸಿ, ತಪ್ಪು ನನ್ನದು' ಎಂದು ಬರೆದು ಎಲ್ಲರಿಗೂ ಮತ್ತೆ ಕಳಿಸಿದೆ. ಕಾಪು ಕಡೆಯ ಕ್ವಾಯರಿನವರೊಬ್ಬರು ಕೂಡಲೇ ಫೋನ್ ಮಾಡಿದರು.

"ಹನ್ನೆರಡರಲ್ಲಿ ಐದು ಬಂದಿದೆ. ಮೊದಲಿನದೇ ಸರಿ ಇತ್ತಲ್ಲ?"

ಮಾಸ್ಟ್ರ ಮೂಗಿನ ಸ್ವರ ಅನುಕರಿಸಿ ಒಂದು ಗದರು ಗದರಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾಡಲಿಲ್ಲ. ಮಾಸ್ಟ್ರ ಅಮ್ಮನ ಕತೆಯನ್ನು ನನ್ನದೇ ಸ್ವರದಲ್ಲಿ ತಡವರಿಸುತ್ತಾ ಹೇಳಿದೆ. ಅವರು "ಹೌದಾ" ಎಂದರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ.

ಕಾರ್ಕಳದಲ್ಲಿ ಮಾಸ್ಟ್ರೇ ಮುಂದೆ ನಿಂತಿದ್ದರು, ಅವರ ಕೈ ನೋಡಿ ಏಳೂ ಕ್ವಾಯರ್ ಹನ್ನೆರಡರಲ್ಲಿ ಸರಿಯಾಗಿ ಐದು ಎಣಿಕೆ ತಡೆಯಿತು. ಆಮೇಲೆ ಮೆಟ್ಟಿಲ ಮೇಲೆ ಅವರು ಕೇಳಿದರು, "ನಾನಿಲ್ಲದ ಕಡೆಯೂ ಹೀಗೆಯೇ ಹಾಡುತ್ತಾರಾ?"

"ಹಾಡುತ್ತಾರೆ ಸರ್," ಎಂದೆ. ನನಗೇನು ಗೊತ್ತಿತ್ತು, ಮಣ್ಣು!

ಕಳೆದ ವರ್ಷ ಒಂದು ಸಂಜೆ ಊರಿಗೆ ಹೋಗುವಾಗ ಕಾಪುವಿನಲ್ಲಿ ರಸ್ತೆ ಬದಿಯ ಒಂದು ಹಾಲ್‌ನಿಂದ ಆ ಹಾಡು ಕೇಳಿಸಿತು. ಬೈಕ್ ಆಫ್ ಮಾಡಿ ಕಿಟಕಿಯಲ್ಲಿ ಇಣುಕಿದೆ. ಕಾಲೇಜಿನ ಮಕ್ಕಳು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಪ್ರಾಕ್ಟೀಸ್ ಮಾಡುತ್ತಿದ್ದರು. ಮೊಣಕಾಲೂರುವವರು ಯಾರೂ ಇಲ್ಲ. ಹತ್ತು, ಹನ್ನೊಂದು ಎಂದು ಬೆರಳು ಮಡಚಿದೆ. ಹನ್ನೆರಡಕ್ಕೆ ಬಂದರು. ಯಾಕೆಂದು ಗೊತ್ತಿಲ್ಲದೆಯೇ, ಒಂದು ಎಣಿಕೆಯಷ್ಟು ಹೆಚ್ಚು ಹೊತ್ತು ಆ ಸ್ವರವನ್ನು ಹಿಡಿದುಕೊಂಡರು.