ಕಿವಿಯಕ್ಕನ ನಲವತ್ತೊಂದು ಪೆಟ್ಟಿಗೆಗಳು

ಬೆಳಗಿನ ಐದೂಕಾಲು. ಬಂದರಿನ ಕಟ್ಟೆಯ ತುದಿಯಲ್ಲಿರುವ ಒಂಟಿ ಕೋಣೆಯ ಬಾಗಿಲು ತೆರೆದಿದೆ. ಒಳಗೆ ಕಬ್ಬಿಣದ ಸ್ಟೂಲಿನ ಮೇಲೆ ಕೂತ ಹೆಂಗಸು ಎಡಗಿವಿಗೆ ಹೆಡ್‌ಫೋನು ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಾರೆ. ತೂಕಡಿಸುತ್ತಿದ್ದಾರೇನೋ ಎಂದು ನೋಡಿದವರು ಅಂದುಕೊಳ್ಳಬೇಕು. ಅಷ್ಟರಲ್ಲಿ ಗರಗರ ಸದ್ದಿನ ನಡುವೆ ಗಂಡಸಿನ ದನಿಯೊಂದು ಏಳುತ್ತದೆ.

"ಹದಿನೇಳನೇ ನಂಬರ್. ಹೊರಟಿದ್ದೀವಿ ಅಕ್ಕಾ. ಕೇಳಿಸ್ತಾ?"

"ಐದಕ್ಕೆ ನಾಲ್ಕು. ಹೋಗಿ ಬನ್ನಿ."

"ಮೂವತ್ತೆರಡು. ಕೇಳಿಸ್ತಾ?"

"ಐದಕ್ಕೆ ಎರಡು. ವಾಪಸ್ ಬನ್ನಿ."

"ಅಕ್ಕಾ, ಮೀನು ನಮಗೋಸ್ಕರ ಕಾಯ್ತಾ ಕೂತಿರುತ್ತಾ?"

"ಮೀನು ಕಾಯಲ್ಲ. ಮನೇಲಿ ಹೆಂಡತಿ ಕಾಯ್ತಾಳೆ. ತಿರುಗಿಸಿ ದೋಣಿ."

ದೋಣಿ ತಿರುಗುತ್ತದೆ. ಗೊಣಗುತ್ತಲೇ ತಿರುಗುತ್ತದೆ, ಆದರೆ ತಿರುಗುತ್ತದೆ. ಹೀಗೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ಇಲ್ಲಿಯ ಅರವತ್ತಮೂರು ದೋಣಿಗಳಲ್ಲಿ ಯಾವುದೇ ಆಗಲಿ, ಬಂದರಿನ ಬಾಯಿ ದಾಟುವ ಮುಂಚೆ ಈ ಕೋಣೆಗೆ ಒಮ್ಮೆ ಕರೆ ಮಾಡಬೇಕು, ದನಿ ಎಷ್ಟು ಸ್ಪಷ್ಟ ಎಂಬುದಕ್ಕೆ ಐದರಲ್ಲಿ ಅಂಕ ಪಡೆಯಬೇಕು. ಮೂರಕ್ಕಿಂತ ಕಡಿಮೆ ಬಂದರೆ ದೋಣಿಯ ವೈರ್‌ಲೆಸ್ ಸೆಟ್ಟು ಕಳಚಿ ಈ ಮೇಜಿಗೆ ಬರಬೇಕು. ಇಪ್ಪತ್ತೆಂಟು ವರ್ಷದಿಂದ ಇದು ನಡೆದುಬಂದಿದೆ. ದಿನಕ್ಕೆ ನಲವತ್ತರ ಆಸುಪಾಸು ಕರೆ, ವಾರಕ್ಕೆ ಏಳೆಂಟು ರಿಪೇರಿ. ಈಕೆಯ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇದೆ, ದೋಣಿಯವರ ಬಾಯಲ್ಲಿ ಇವರು ಕಿವಿಯಕ್ಕ.

"ಮೌನ ಬಂಗಾರ ಅಂತಾರಲ್ಲ, ಅದು ಬೇರೆಯವರಿಗೆ," ಎನ್ನುತ್ತಾರೆ ಕಿವಿಯಕ್ಕ. "ನಮ್ಮಲ್ಲಿ ಮೌನ ಅಂದ್ರೆ ಎದೆ ಧಸಕ್ ಅನ್ನುತ್ತೆ."

ಈ ಕೋಣೆಗೆ ಅವರು ಬಂದದ್ದು ರಿಪೇರಿ ಕಲಿಯಲಿಕ್ಕಲ್ಲ. ಆಗ ಇಲ್ಲಿದ್ದ ಹಿರಿಯ ಮೆಕ್ಯಾನಿಕ್‌ಗೆ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದವರಿಗೆ, ಕಿವಿ ಮಂದವಾಗುತ್ತಾ ಬಂದಿತ್ತು. ಕೈ ಮಾತ್ರ ಚುರುಕಾಗಿತ್ತು. ದೋಣಿಗಳ ಸಂಘದವರು ಅವರ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲು ಒಬ್ಬರು ಬೇಕೆಂದು ಕರೆದಾಗ ಸಿಕ್ಕಿದ್ದು, ಹೊಸದಾಗಿ ಮದುವೆಯಾಗಿ ಈ ಊರಿಗೆ ಬಂದಿದ್ದ ಈ ಹುಡುಗಿ. ಮೇಷ್ಟ್ರು ಬೆಸುಗೆ ಹಾಕಿ "ಈಗ?" ಎಂದು ಕೇಳುವರು. ಇವರು "ಗೊರಗೊರ ಜಾಸ್ತಿ" ಎನ್ನುವರು. ಮೂರೇ ವರ್ಷದಲ್ಲಿ ಕೈಯೂ ಇವರದೇ ಆಯಿತು. ಹೆಂಗಸು ರಿಪೇರಿ ಮಾಡಿದ ಸೆಟ್ಟು ನಮಗೆ ಬೇಡ ಎಂದ ಯಜಮಾನರೂ ಇದ್ದರು. ಅವರ ದೋಣಿಗೆ ಐದಕ್ಕೆ ಒಂದು ಕೊಟ್ಟು ಮೂರು ದಿನ ಕಟ್ಟೆಯಲ್ಲೇ ನಿಲ್ಲಿಸಿದ ಮೇಲೆ ಆ ಮಾತು ನಿಂತಿತು. ಕಿವಿಯಕ್ಕನ ಬಲಮಣಿಕಟ್ಟಿನ ಮೇಲೆ ಬೆಸುಗೆ ಕಡ್ಡಿ ಸುಟ್ಟ ಗುರುತುಗಳು ಸಾಲಾಗಿವೆ. ಕರೆಂಟು ಹೊಡೆದದ್ದಕ್ಕೆ ಲೆಕ್ಕವಿಟ್ಟಿಲ್ಲ. ಉಪ್ಪುಗಾಳಿಯಂತೂ ಇವರ ದಿನನಿತ್ಯದ ದಾಯಾದಿ. ಇವತ್ತು ಉಜ್ಜಿ ಬೆಳಗಿಸಿದ ತಾಮ್ರ ಮುಂದಿನ ವಾರಕ್ಕೆ ಹಸಿರು.

ಗಂಡ ಐಸ್ ಲಾರಿ ಓಡಿಸುತ್ತಾರೆ. ಅವರದು ಒಂದೇ ದೂರು: "ಮನೇಲಿ ನಾನು ಮೂರು ಸಲ ಕೂಗಿದ್ರೂ ಇವಳಿಗೆ ಕೇಳಿಸಲ್ಲ. ಹತ್ತು ಮೈಲಿ ಆಚೆ ದೋಣಿ ಪಿಸುಗುಟ್ಟಿದ್ರೆ ಕೇಳಿಸುತ್ತೆ."

ಕೋಣೆಯ ಮೂರು ಗೋಡೆಗೂ ಕಬ್ಬಿಣದ ಹಲಗೆಗಳು. ಅವುಗಳ ಮೇಲೆ ನಲವತ್ತೊಂದು ಉಪಕರಣಗಳು. ಹಸಿರು ಗಾಜಿನ ದುಂಡುಮುಖದಲ್ಲಿ ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪು, ಬೂದು ಬಣ್ಣದ ಸಿಗ್ನಲ್ ಜನರೇಟರುಗಳು, ಮುಳ್ಳಿನ ಮೀಟರುಗಳು, ಇಬ್ಬರು ಹಿಡಿದು ಎತ್ತಬೇಕಾದ ವಾಲ್ವ್ ರೇಡಿಯೊಗಳು. ಬಹುಪಾಲು ಮೇಷ್ಟ್ರು ಬಿಟ್ಟುಹೋದವು. ಈಗ ಈ ನಲವತ್ತೊಂದಕ್ಕೂ ಸಂಚಕಾರ ಬಂದಿದೆ.

ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದಾರೆ. ಅವರಿಗೆ ಸಭೆ ನಡೆಸಲು ಕೋಣೆ ಬೇಕು. ಗಾಜಿನ ಮೇಜು ಆಗಲೇ ಬಂದು ಗೋಣಿಯಲ್ಲಿ ಸುತ್ತಿಕೊಂಡು ಹೊರಗೆ ನಿಂತಿದೆ. ಕಿವಿಯಕ್ಕನಿಗೆ ಗೋದಾಮಿನ ಮೂಲೆಯಲ್ಲಿ ಒಂದು ಬೀರು ಕೊಡುತ್ತಾರಂತೆ. ಅದರಲ್ಲಿ ಹಿಡಿಸುವಷ್ಟು ಇಟ್ಟುಕೊಂಡು ಉಳಿದದ್ದು ಗುಜರಿಗೆ. ಶನಿವಾರ ಮಧ್ಯಾಹ್ನ ಗಡುವು. ಕೈಗೆ ಒಂದು ಪಟ್ಟಿ ಬಂದಿದೆ, ಎರಡು ಕಾಲಮು: 'ಇರಲಿ', 'ಹೋಗಲಿ'. ಕೆಳಗೆ ಅವರ ಸಹಿಗೆ ಜಾಗ.

"ಸಭೇಲಿ ಏನು ಮಾತಾಡ್ತೀರಿ ಅಂತ ಕೇಳಿದೆ. ದೋಣಿಗಳ ಸುರಕ್ಷತೆ ಬಗ್ಗೆ ಅಂದ್ರು," ಎಂದು ಅವರು ನಗದೆ ಹೇಳುತ್ತಾರೆ.

ಹಳೆಯ ಯಂತ್ರಗಳಿಂದ ಅಪಾಯ ಎಂಬ ಕಾರ್ಯದರ್ಶಿಯ ಮಾತಿನಲ್ಲೂ ಹುರುಳಿಲ್ಲದಿಲ್ಲ. ಎರಡು ವರ್ಷದ ಹಿಂದೆ ಈ ಕೋಣೆಯಿಂದ ಹೊಗೆ ಎದ್ದಿತ್ತು. ತಪ್ಪು ಕಿವಿಯಕ್ಕನದೇ. ಮೇಷ್ಟ್ರ ದೊಡ್ಡ ವಾಲ್ವ್ ರೇಡಿಯೊ ಒಂಬತ್ತು ವರ್ಷ ಮಲಗಿತ್ತು. ಅವರ ನೆನಪಾಗಿ ಒಂದು ದಿನ ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚಿ ಸ್ವಿಚ್ಚು ಒತ್ತಿಬಿಟ್ಟರು. ಅಷ್ಟು ಕಾಲ ಮಲಗಿದ್ದ ಯಂತ್ರಕ್ಕೆ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಸಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಕಲಿಸಿದವರ ಯಂತ್ರದ ಮೇಲೆಯೇ ಪಾಠ ಮರೆತಿದ್ದರು. ಒಳಗೆ ಢಬ್ ಎಂದಿತು, ಕಿಟಕಿಯ ಪರದೆಗೆ ಕಿಡಿ ತಾಗಿತು.

"ನನ್ನ ತಪ್ಪು, ಒಪ್ಕೊಂಡೆ. ಅದಕ್ಕೆ ನಲವತ್ತೊಂದನ್ನೂ ಬಿಸಾಕ್ಬೇಕಾ? ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?"

ಆದರೆ ಹಟ ಮಾಡಿ ಎಲ್ಲವನ್ನೂ ತಬ್ಬಿಕೊಂಡು ಕೂತವರಲ್ಲ ಇವರು. ಹತ್ತು ದಿನದಿಂದ, ದೋಣಿಗಳು ಹೊರಟು ಕೋಣೆ ಸುಮ್ಮನಾದ ಮೇಲೆ, ಒಂದೊಂದೇ ಉಪಕರಣವನ್ನು ಇಳಿಸಿ ಪರೀಕ್ಷೆ ಮಾಡುತ್ತಿದ್ದಾರೆ. ಅದಕ್ಕೆ ಮೇಷ್ಟ್ರು ಹಲಗೆಗೆ ಹೊಡೆದುಕೊಟ್ಟ ಒಂದು ಬಲ್ಬ್ ಹೋಲ್ಡರ್ ಇದೆ. ಕರೆಂಟು ಮೊದಲು ಬಲ್ಬನ್ನು ಹಾದು ಆಮೇಲೆ ಯಂತ್ರಕ್ಕೆ ಹೋಗುತ್ತದೆ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಯಂತ್ರಕ್ಕೆ ಜೀವವಿದೆ. ಝಗ್ಗನೆ ಹತ್ತಿಕೊಂಡು ಹಾಗೇ ಉರಿದರೆ ಒಳಗೆ ಎಲ್ಲೋ ಸುಟ್ಟು ಒಂದಕ್ಕೊಂದು ಅಂಟಿದೆ. ಹದಿನೈದು ಉಪಕರಣಗಳು ಹೀಗೆ ಅನುತ್ತೀರ್ಣವಾದವು. ಮೇಷ್ಟ್ರ ರೇಡಿಯೊ ಅವುಗಳಲ್ಲೊಂದು. ಅದಕ್ಕೆ ಮಾತ್ರ ಮೂರು ಅವಕಾಶ ಕೊಟ್ಟರು. ಮೂರು ಸಲವೂ ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. 'ಹೋಗಲಿ' ಕಾಲಮಿನಲ್ಲಿ ಅವರೇ ಗುರುತು ಹಾಕಿದರು.

"ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಮೇಷ್ಟ್ರಿದ್ದಿದ್ರೂ ಅದನ್ನೇ ಮಾಡ್ತಿದ್ರು. ಕೆಲಸ ಮಾಡದ್ದನ್ನ ಪ್ರೀತಿಗೆ ಅಂತ ಇಟ್ಕೊಂಡ್ರೆ, ಕೆಲಸ ಮಾಡೋದನ್ನ ಉಳಿಸ್ಕೊಳ್ಳೋಕೆ ನನಗೆ ಬಾಯಿರಲ್ಲ."

ಉಳಿದ ಇಪ್ಪತ್ತಾರರ ಬಗ್ಗೆ ಅವರಿಗೆ ಬಾಯಿದೆ. ಹೊಸದರ ಮೇಲೆ ಅವರಿಗೆ ಮುನಿಸೇನೂ ಇಲ್ಲ. ಅಂಗೈಯಗಲದ ಡಿಜಿಟಲ್ ಮೀಟರನ್ನು ಸಂಘಕ್ಕೆ ಹೇಳಿ ತರಿಸಿದ್ದು ಅವರೇ. ಆದರೆ ಕಳೆದ ಮಂಗಳವಾರ ಮೂವತ್ತೆರಡನೇ ನಂಬರಿನ ಸೆಟ್ಟು ಮೇಜಿಗೆ ಬಂದಾಗ ಡಿಜಿಟಲ್ ಮೀಟರು ಇಪ್ಪತ್ತೈದು ವ್ಯಾಟ್, ಎಲ್ಲ ಸರಿ ಎಂದಿತು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಯಮಾನ ಕಿವಿಯಕ್ಕನದಲ್ಲ. ಮೂಲೆಯಿಂದ ಬಣ್ಣ ಹೋದ ಮುಳ್ಳಿನ ಮೀಟರು ತಂದು ಜೋಡಿಸಿದರು. ಪೆನ್ಸಿಲ್ಲಿನ ಹಿಂಬದಿಯಿಂದ ಸೆಟ್ಟನ್ನು ಮೆಲ್ಲಗೆ ಕುಟ್ಟಿದರು. ಪ್ರತಿ ಕುಟ್ಟಿಗೂ ಮುಳ್ಳು ಬೆಚ್ಚಿ ಕೆಳಗಿಳಿದು ಮೇಲೆದ್ದಿತು. ಪಕ್ಕದ ಡಿಜಿಟಲ್ ಪರದೆಯ ಅಂಕಿ ಅಲುಗಲಿಲ್ಲ. ಆ ಕ್ಷಣಮಾತ್ರದ ಕುಸಿತ ಅದರ ಲೆಕ್ಕಕ್ಕೇ ಬರುವುದಿಲ್ಲ. ಒಳಗೆ ಕೂದಲೆಳೆಯಷ್ಟು ಬೆಸುಗೆ ಬಿರುಕು ಬಿಟ್ಟಿತ್ತು. ಕಟ್ಟೆಯಲ್ಲಿ ನಿಂತ ದೋಣಿಯಲ್ಲಿ ಮಾತು ಸ್ಪಷ್ಟ. ಅಲೆ ಬಡಿದಾಗ ಮಾತು ಮಾಯ.

"ಅಲೆ ಬಡಿಯೋ ಹೊತ್ತಲ್ಲೇ ಅಲ್ವಾ ಕೂಗ್ಬೇಕಾಗೋದು?" ಎಂದು ಅವರು ಕೇಳುತ್ತಾರೆ.

ಶನಿವಾರ ಮಧ್ಯಾಹ್ನ. ಕಾರ್ಯದರ್ಶಿ ಬರುತ್ತಾರೆ, ಜೇಬಿನಲ್ಲಿ ಪೆನ್ನು. ಬಾಗಿಲಲ್ಲಿ ಮೂವತ್ತೆರಡನೇ ನಂಬರಿನ ಯಜಮಾನ ಕೈಕಟ್ಟಿ ನಿಂತಿದ್ದಾನೆ. ಯಾರೂ ಅವನನ್ನು ಕರೆದಿಲ್ಲ. ಗುಜರಿಗೆ ಎಂದು ಹದಿನೈದು ಪೆಟ್ಟಿಗೆಗಳು ಹೊರಗೆ ಸಾಲಾಗಿ ಕೂತಿವೆ. ಮೇಷ್ಟ್ರ ರೇಡಿಯೊ ಮೊದಲನೆಯದು, ಧೂಳು ಒರೆಸಿದೆ.

"ಉಳಿದದ್ದು ಬೀರುವಿಗೆ ಹಿಡಿಸಲ್ಲ ಅಕ್ಕ. ಇನ್ನೊಂದು ಇಪ್ಪತ್ತು ಹೋಗ್ಬೇಕು," ಎನ್ನುತ್ತಾರೆ ಕಾರ್ಯದರ್ಶಿ.

ಕಿವಿಯಕ್ಕ ಪಟ್ಟಿ ಚಾಚುತ್ತಾರೆ. ಇಪ್ಪತ್ತಾರು ಉಪಕರಣಗಳ ಮುಂದೆ ಅವರು ಮೂರನೆಯ ಕಾಲಮೊಂದನ್ನು ಸ್ಕೇಲು ಹಿಡಿದು ಎಳೆದಿದ್ದಾರೆ. ಅದರಲ್ಲಿ ಆ ಉಪಕರಣ ಕೊನೆಯ ಸಲ ಯಾವ ದೋಣಿಯ ಯಾವ ದೋಷವನ್ನು ಯಾವ ದಿನ ಹಿಡಿಯಿತು ಎಂದು ಬರೆದಿದೆ. ಮುಳ್ಳಿನ ಮೀಟರಿನ ಮುಂದೆ: ಮೂವತ್ತೆರಡು, ಬಿರುಕು, ಮಂಗಳವಾರ. ತಮ್ಮ ಸಹಿಯ ಜಾಗವನ್ನು ಹೊಡೆದುಹಾಕಿ 'ಕಾರ್ಯದರ್ಶಿಗಳ ಸಹಿ' ಎಂದು ತಿದ್ದಿದ್ದಾರೆ.

"ನಾನು ಸಹಿ ಹಾಕಲ್ಲ ಸಾರ್. ಯಾವುದು ಬೇಡವೋ ಅದರ ಮುಂದೆ ನೀವೇ ಹಾಕಿ. ನಾಳೆ ಒಂದು ದೋಣಿ ಕೂಗಿದ್ದು ಕೇಳಿಸ್ಲಿಲ್ಲ ಅಂದ್ರೆ, ಯಾರನ್ನ ಕೇಳ್ಬೇಕು ಅಂತ ಅವರ ಮನೆಯವರಿಗೆ ಗೊತ್ತಿರ್ಬೇಕಲ್ಲ."

ಕಾರ್ಯದರ್ಶಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಬಾಗಿಲಲ್ಲಿ ನಿಂತ ಯಜಮಾನನನ್ನು ನೋಡುತ್ತಾರೆ. ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ಕೊನೆಗೆ ಅದು ಜೇಬಿಗೇ ಹೋಗುತ್ತದೆ.

"ಗೋದಾಮಿನಲ್ಲೂ ಸಭೆ ಮಾಡ್ಬಹುದು ಬಿಡಿ," ಎಂದು ಅವರು ಹೊರಡುತ್ತಾರೆ. ಗಾಜಿನ ಮೇಜನ್ನು ಅತ್ತ ಹೊರಲು ಯಜಮಾನ ಕೇಳದೆಯೇ ಹೆಗಲು ಕೊಡುತ್ತಾನೆ.

ಗೆದ್ದಿರೇನು ಎಂದರೆ ಕಿವಿಯಕ್ಕ ತಲೆಯಾಡಿಸುತ್ತಾರೆ. "ಈ ಸಲಕ್ಕೆ. ಮುಂದಿನ ವರ್ಷ ಇನ್ನೊಬ್ಬರು ಬರ್ತಾರೆ, ಇನ್ನೊಂದು ಪಟ್ಟಿ ತರ್ತಾರೆ. ತರ್ಲಿ. ಮೂರನೇ ಕಾಲಮು ದಿನಾ ಬರೀತಾ ಇರ್ತೀನಿ." ಇಷ್ಟು ವರ್ಷದಲ್ಲಿ ಅವರಿಗೆ ಇರುವ ಆಸೆ ಒಂದೇ. ಅರವತ್ತಮೂರು ದೋಣಿಗಳ ದನಿ ಕೇಳಿದವರು ಒಮ್ಮೆಯೂ ಬಂದರಿನ ಬಾಯಿ ದಾಟಿಲ್ಲ.

"ಒಂದು ಸಲ ದೋಣಿ ಹತ್ತಿ ಹೋಗ್ಬೇಕು. ದೂರ, ದಡ ಕಾಣದಷ್ಟು ದೂರ. ಅಲ್ಲಿಂದ ಈ ಕೋಣೆಗೆ ಕರೆ ಮಾಡ್ಬೇಕು. ನನ್ನ ಕೋಣೆ ಅಲ್ಲಿಗೆ ಹೇಗೆ ಕೇಳಿಸುತ್ತೆ ಅಂತ ನಾನೇ ಅಂಕ ಕೊಡ್ಬೇಕು," ಎನ್ನುತ್ತಾರೆ. ಆಮೇಲೆ ಮುಳ್ಳಿನ ಮೀಟರನ್ನು ಎತ್ತಿ, ಮೇಷ್ಟ್ರ ರೇಡಿಯೊ ಇದ್ದ ಖಾಲಿ ಜಾಗದಲ್ಲಿಟ್ಟು, ಗಾಜು ಒರೆಸುತ್ತಾರೆ.

"ಐದಕ್ಕೆ ಐದು ಬರ್ಲಿಲ್ಲ ಅಂದ್ರೆ ವಾಪಸ್ ಬಂದು ರಿಪೇರಿ ಮಾಡ್ತೀನಿ. ಸಾಮಾನು ಇದೆಯಲ್ಲ."